ನಿನ್ನೆಯ ಹುಳಿ, ಏಳನೆಯ ಪ್ಯಾರಾ

ಪುರಸೈವಾಕ್ಕಂ, ಚೆನ್ನೈ
೬ ಅಕ್ಟೋಬರ್ ೨೦೨೪

ಶಂಕರನಾರಾಯಣ ಅಣ್ಣಯ್ಯನವರಿಗೆ ಸುಗುಣಾ ಮಾಡುವ ನಮಸ್ಕಾರಗಳು.

ಫೋನಿನಲ್ಲಿ ಮಾತಾಡಿದರೆ ನಿಮಗೆ ಈಗ ಕೇಳಿಸುವುದಿಲ್ಲವೆಂದು ನಮ್ಮವರು ಹೇಳುತ್ತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ನನಗೂ ಮಾತಿಗಿಂತ ಬರೆಯುವುದೇ ಸುಲಭ. ರಾತ್ರಿ ಮಲಗುವ ಮೊದಲು ನಾಲ್ಕು ಸಾಲು ದಿನಚರಿ ಬರೆಯುವ ಅಭ್ಯಾಸ ಮದುವೆಗೆ ಮುಂಚಿನಿಂದಲೂ ಇದೆ. ಜೂನ್‌ನಿಂದ ಈಚೆಗೆ ಅದರಲ್ಲಿ ಒಂದೇ ವಿಷಯ ಬರುತ್ತಿದೆ.

ಅಣ್ಣಯ್ಯ, ಆ ಸಂಜೆ ಪತ್ರಿಕೆಯ ಮೇಲೆ ನಾನು ಕೇಸು ಹಾಕಬಹುದೋ? ಕಳೆದ ಫೆಬ್ರವರಿಯಲ್ಲಿ ಅದರಲ್ಲಿ ಬಂದದ್ದು ನಿಮಗೆ ಗೊತ್ತೇ ಇದೆ. ನಾವು ನಮ್ಮ ಹೋಟೆಲಿನಲ್ಲಿ ಆಸ್ಪತ್ರೆಗೆ ಬರುವವರಿಗೆ ನಿನ್ನೆಯ ಹಳಸಿದ ಸಾಂಬಾರು ಮಾರುತ್ತೇವೆ ಎಂದು ಬರೆದಿದ್ದರು. ಅದಾದ ಮೇಲೆ ನಮ್ಮವರು ಗಲ್ಲಾದಲ್ಲಿ ಕೂರುವುದನ್ನೇ ಬಿಟ್ಟರು. ಹಿಂದೆ ಅಡುಗೆಮನೆಯಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದರು. ಇಪ್ಪತ್ತೆಂಟು ವರ್ಷ ಗಿರಾಕಿಗಳ ಮುಖ ನೋಡಿ ನಕ್ಕ ಮನುಷ್ಯ. ಜೂನ್‌ನಲ್ಲಿ ಹೋದರು. ಡಾಕ್ಟರು ಹೃದಯ ಎಂದರು, ನಾನು ಬೇರೆ ಹೇಳುವುದಿಲ್ಲ.

ನನಗೆ ಬೇಕಾದದ್ದು ಇಷ್ಟೆ: ಅದೇ ಪತ್ರಿಕೆಯಲ್ಲಿ, ಅದು ಸುಳ್ಳು ಎಂದು, ವಿಷ್ಣುಮೂರ್ತಿ ಎಂಬ ಹೆಸರು ಹಾಕಿ ಅಚ್ಚಾಗಬೇಕು. ಕೇಸಿಗೆ ಏನೇನು ಬರೆಯಬೇಕು? ನನ್ನದು ಎಸ್ಸೆಸ್ಸೆಲ್ಸಿ ಓದು.

ಚಂದ್ರಮತಿ ಅತ್ತಿಗೆಗೆ ಹೇಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಒಡಹುಟ್ಟಿದ ತಮ್ಮನಾದ ನಮ್ಮವರನ್ನು ಊರಿಗೆ ತರದೆ ಇಲ್ಲೇ ಸುಟ್ಟೆನೆಂದು ಉತ್ತರಕ್ರಿಯೆಯ ಬೊಜ್ಜದ ದಿನದಿಂದ ಅವರು ನನ್ನ ಹತ್ತಿರ ಮಾತಾಡಿಲ್ಲ.

ಸುಗುಣಾ


ಕುಂದಾಪುರ
೧೭ ಅಕ್ಟೋಬರ್ ೨೦೨೪

ತಂಗಿ ಸುಗುಣಾಳಿಗೆ,

ಕಾಗದ ತಲುಪಿತು. ನಾನು ಕೋರ್ಟಿನಲ್ಲಿ ನಲವತ್ತು ವರ್ಷ ಗೇಣಿ, ಪಾಲು, ದಾರಿಹಕ್ಕು ಇಂಥವನ್ನೇ ವಾದಿಸಿದವನು. ಪತ್ರಿಕೆಯ ಮೇಲೆ ಮಾನನಷ್ಟದ ದಾವೆ ಒಂದನ್ನೂ ಹಾಕಲಿಲ್ಲ. ಹಾಗಾಗಿ ಅಟ್ಟದಿಂದ ಹಳೆಯ ಪುಸ್ತಕ ಇಳಿಸಿ, ದೂಳು ಕೊಡವಿ, ವಾರದಿಂದ ಓದುತ್ತಿದ್ದೇನೆ. ಸ್ವಾರಸ್ಯವಾಗಿದೆ.

ಕಹಿಯಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸತ್ತವನ ಮಾನಕ್ಕೆ ಸಿವಿಲ್ ಕೋರ್ಟಿನಲ್ಲಿ ದಾವೆ ಇಲ್ಲ. ಆ ಹಕ್ಕು ಅವನ ಜೊತೆಗೇ ಹೋಯಿತು. ಹೆಂಡತಿಗೂ ಬರುವುದಿಲ್ಲ, ಮಗಳಿಗೂ ಬರುವುದಿಲ್ಲ. ಆದರೆ ಹೋಟೆಲಿನ ಲೈಸೆನ್ಸು ನಿಮ್ಮಿಬ್ಬರ ಹೆಸರಿನಲ್ಲಿದೆ ಎಂದು ವಿಷ್ಣು ಒಮ್ಮೆ ಹೇಳಿದ್ದ. ಹಾಗಿದ್ದರೆ ಆ ಮಾತು ನಿನಗೂ ತಾಗಿತು. ನಿನ್ನ ಮಾನಕ್ಕಾಗಿ ನೀನು ಹೋಗಬಹುದು.

ಹೋಗುವುದಾದರೆ, 'ಹೀಗೆಂಬ ಅರ್ಥ ಬರುವ ಹಾಗೆ ಬರೆದಿದ್ದಾರೆ' ಎಂದರೆ ಸಾಲದು. ಅಚ್ಚಾದ ಮಾತು ಅಚ್ಚಾದ ಹಾಗೆಯೇ ವಾದಪತ್ರದಲ್ಲಿ ಬರಬೇಕು. ತಮಿಳಿದ್ದರೆ ತಮಿಳಿನಲ್ಲಿ, ಒಂದಕ್ಷರ ಬಿಡದೆ, ಜೊತೆಗೆ ಅನುವಾದ. ಯಾವ ದಿನ, ಯಾವ ಪುಟ ಎಂಬುದೂ ಬೇಕು. ನೀನು ನನಗೆ ಬರೆದದ್ದು ಅಚ್ಚಾದ ಮಾತೋ, ಕೇಳಿದ ಮಾತೋ?

ಅಚ್ಚಾದ ದಿನದಿಂದ ಒಂದು ವರ್ಷದ ವಾಯಿದೆ. ಫೆಬ್ರವರಿ ದಾಟಿದರೆ ಮುಗಿಯಿತು. ಪರಿಹಾರ ಎಷ್ಟು ಕೇಳಬೇಕೆಂದಿದ್ದೀ, ಅದನ್ನೂ ಯೋಚಿಸು. ಚಂದ್ರಮತಿ ಕ್ಷೇಮ.

ಶಂಕರನಾರಾಯಣ


ಪುರಸೈವಾಕ್ಕಂ
೩ ನವೆಂಬರ್ ೨೦೨೪

ಅಣ್ಣಯ್ಯನವರಿಗೆ ನಮಸ್ಕಾರ.

ಪರಿಹಾರದ ದುಡ್ಡು ನನಗೆ ಬೇಡ. ಅದರ ಬಗ್ಗೆ ದಯವಿಟ್ಟು ಇನ್ನು ಕೇಳಬೇಡಿ.

ನೀವು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವಾಗ ಒಂದು ತಿಳಿಯಿತು. ಆ ಸುದ್ದಿಯನ್ನು ನಾನು ಓದಿಯೇ ಇರಲಿಲ್ಲ! ಮೂವತ್ತು ವರ್ಷ ಚೆನ್ನೈಯಲ್ಲಿದ್ದರೂ ನನಗೆ ಓದಲು ಬರುವ ತಮಿಳು ಬಸ್ಸಿನ ಬೋರ್ಡಿನಷ್ಟೆ. ಪತ್ರಿಕೆಯನ್ನು ನಮ್ಮವರು ಅವತ್ತೇ ಒಲೆಗೆ ಹಾಕಿದ್ದರು. 'ಹಳಸಿದ್ದು ಮಾರುತ್ತಾರಂತೆ' ಎಂದು ನನಗೆ ಹೇಳಿದವರು ಮೆಟ್ಟಿಲ ಮೇಲೆ ಸಿಕ್ಕಿದ ಪಕ್ಕದ ಮನೆಯವರು.

ಮಗಳು ಪ್ರಣಮ್ಯಾ ಬ್ಯಾಂಕಿಗೆ ರಜೆ ಹಾಕಿ ಎಗ್ಮೋರಿನ ಲೈಬ್ರರಿಗೆ ಹೋಗಿ ಹಳೆಯ ಪತ್ರಿಕೆಯ ಫೋಟೊ ತೆಗೆದುಕೊಂಡು ಬಂದಳು. ಊಟದ ಮೇಜಿನ ಹತ್ತಿರ ನಿಂತುಕೊಂಡೇ ಓದಿದಳು. ನಾನು, 'ಮಾರುತ್ತಾರೆ ಅಂತ ಇರುವ ಸಾಲು ಇನ್ನೊಮ್ಮೆ ಓದು' ಎಂದೆ.

'ಯಾವ ಲೈನ್ ಮ್ಮಾ? ವಿಕ್ಕಿರಾಂಗ, ಮಾರ್ತಾರೆ ಅಂತ ಇದ್ರಲ್ಲಿ ಇಲ್ಲವೇ ಇಲ್ಲ.'

'ಸರಿ ನೋಡು ಮಾರಾಯ್ತಿ. ಹಳಸಿದ್ದು ಅಂತ ಇರ್ಬೇಕು.'

'ಅದೂ ಇಲ್ಲ ಮ್ಮಾ. ನೀನೇ ಪಾರ್.' ಎಂದು ಫೋನನ್ನು ನನ್ನ ಮುಖದ ಹತ್ತಿರ ಹಿಡಿದಳು, ನಾನು ಓದುವವಳ ಹಾಗೆ.

೨೦೨೪ ಫೆಬ್ರವರಿ ೨೧, ಬುಧವಾರ, ಐದನೆಯ ಪುಟ. ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. ತಮಿಳನ್ನು ಅವಳೇ ಬೇರೆ ಹಾಳೆಯಲ್ಲಿ ಬರೆದಿದ್ದಾಳೆ.

'ಕೀಲ್ಪಾಕ್ ಆಸ್ಪತ್ರೆಯ ಹತ್ತಿರದ ಉಡುಪಿ ಹೋಟೆಲೊಂದರ ಅಡುಗೆಮನೆಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ನಿನ್ನೆಯ ಸಾಂಬಾರು ಒಲೆಯ ಮೇಲೆ ಕುದಿಯುತ್ತಿತ್ತು. ಬಾಗಿಲಿನಲ್ಲಿ ಮಾತ್ರ "ದಿನವೂ ಹೊಸದು" ಎಂಬ ಬೋರ್ಡು. ರೋಗಿಗಳ ಕಡೆಯವರೇ, ಊಟಕ್ಕೆ ಕೂರುವ ಮೊದಲು ಯೋಚಿಸಿ.'

ಅಷ್ಟೆ. ನಾನು ಎಂಟು ತಿಂಗಳು ಹೊತ್ತುಕೊಂಡಿದ್ದ ಮಾತು ಅದರಲ್ಲಿ ಇಲ್ಲ. ಹೋಟೆಲಿನ ಹೆಸರೂ ಇಲ್ಲ, ನಮ್ಮವರ ಹೆಸರೂ ಇಲ್ಲ. ಹೆಸರೇ ಇಲ್ಲದ ಮೇಲೆ ಕೇಸು ಆಗುತ್ತದೋ?

ಸುಗುಣಾ


ಕುಂದಾಪುರ
೧೪ ನವೆಂಬರ್ ೨೦೨೪

ತಂಗಿ ಸುಗುಣಾಳಿಗೆ,

ಜಾಣ ವರದಿಗಾರ. ಮೂರು ವಾಕ್ಯ ಬರೆದು ಕೈ ತೊಳೆದುಕೊಂಡ. ಉಳಿದದ್ದನ್ನು ಓದಿದವರೇ ತುಂಬಿಸಿಕೊಂಡರು.

ಹೆಸರು ಇಲ್ಲದಿದ್ದರೂ ದಾವೆ ಆಗುತ್ತದೆ. ಆದರೆ ಓದಿದವರಿಗೆ ಅದು ನಿನ್ನ ಹೋಟೆಲೇ ಎಂದು ಹೇಗೆ ತಿಳಿಯಿತು ಎಂಬುದನ್ನು ವಾದಪತ್ರದಲ್ಲಿ ಹೇಳಬೇಕು. ಆ ಬೋರ್ಡು ಒಳ್ಳೆಯ ಗುರುತು. ಆ ಸುತ್ತಿನಲ್ಲಿ ಅಂಥ ಬೋರ್ಡು ಬೇರೆ ಯಾರಿಗೂ ಇಲ್ಲವೆಂದು ನೋಡಿಕೊಂಡು ಬಾ. ಅದರ ಮೇಲೆ, ಸುದ್ದಿ ಓದಿ 'ಇದು ಸುಗುಣಾ ಅವರ ಹೋಟೆಲು' ಎಂದುಕೊಂಡ ಒಬ್ಬ ಮನುಷ್ಯನಾದರೂ ಬೇಕು. ನಿನ್ನ ಮನೆಯವರು ಬೇಡ, ಹೊರಗಿನವರು. ಓದಿ ಏನೆಂದು ಅರ್ಥ ಮಾಡಿಕೊಂಡರು ಎಂಬುದನ್ನೂ ಕೇಳು. ಅಚ್ಚಾದ ಮಾತು ಒಂದು, ಓದುಗರಿಗೆ ಹೊಳೆದ ಅರ್ಥ ಇನ್ನೊಂದು ಎಂದಾದರೆ ಆ ಅರ್ಥವನ್ನು ಬೇರೆಯಾಗಿ ಬರೆಯಬೇಕಾಗುತ್ತದೆ.

ಇನ್ನೊಂದು. ಆ ಮೂರು ವಾಕ್ಯಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ನನಗೆ ಬರೆದು ಕಳಿಸು. ಸಾಂಬಾರಿನ ಮೇಲೆ ತಾರೀಕು ಹಾಕಿರುವುದಿಲ್ಲವಷ್ಟೆ? ಹೊರಗಿನ ವರದಿಗಾರನಿಗೆ ಅದು ನಿನ್ನೆಯದೆಂದು ಹೇಗೆ ತಿಳಿಯಿತು ಎಂಬುದು ನನಗೆ ಬಗೆಹರಿಯುತ್ತಿಲ್ಲ.

ಶಂಕರನಾರಾಯಣ


ಪುರಸೈವಾಕ್ಕಂ
೨ ಡಿಸೆಂಬರ್ ೨೦೨೪

ಅಣ್ಣಯ್ಯನವರಿಗೆ ನಮಸ್ಕಾರ.

ನೀವು ಹೇಳಿದ ಕೆಲಸ ಸುಲಭ ಎಂದುಕೊಂಡಿದ್ದೆ. ನಮ್ಮನ್ನು ಕೆಟ್ಟವರೆಂದು ತಿಳಿದುಕೊಂಡ ಒಬ್ಬರನ್ನು ಹುಡುಕುವುದು. ಅಂಥವರು ಬೀದಿ ತುಂಬ ಇದ್ದಾರೆಂದು ನಮ್ಮವರು ಅಡುಗೆಮನೆ ಸೇರಿದ್ದರಲ್ಲ.

ಬೋರ್ಡು ನೋಡಲು ಆಸ್ಪತ್ರೆಯ ಸುತ್ತ ಎರಡು ಬೆಳಿಗ್ಗೆ ನಡೆದೆ. ನಮ್ಮದು ಬಿಟ್ಟು ಬೇರೆ ಎಲ್ಲೂ ಇಲ್ಲ. ಆಮೇಲೆ ಒಬ್ಬೊಬ್ಬರನ್ನೇ ಕೇಳತೊಡಗಿದೆ. ನಾನು ಗಿರಾಕಿಗಳ ಹತ್ತಿರ ಮಾತಾಡುವವಳಲ್ಲ, ನಿಮಗೆ ಗೊತ್ತು. ಮೊದಲ ದಿನ ಕೇಳುವ ಮಾತನ್ನು ಮನೆಯಲ್ಲಿ ಹೇಳಿಕೊಂಡು ಹೋದೆ.

ಹೂವಿನವಳು ನನ್ನ ಕೈ ಹಿಡಿದುಕೊಂಡು, 'ಅಯ್ಯೋ ಅಮ್ಮಾ, ಅದನ್ನ ಯಾರು ನಂಬಿದ್ರು?' ಎಂದು ಎರಡು ಮೊಳ ಹೂವು ಸುಮ್ಮನೆ ಕೊಟ್ಟಳು. ಮೆಡಿಕಲ್ ಶಾಪಿನ ಅನಿಲ್, 'ನಾಂಗ ಅಪ್ಡಿ ನೆನಪ್ಪೋಮಾ ಮ್ಮಾ?' ನಾವು ಹಾಗೆ ಅಂದುಕೊಳ್ಳುತ್ತೇವೆಯೇ ಎಂದ. ಆ ಪತ್ರಿಕೆ ತಾನು ಓದುವುದೇ ಇಲ್ಲವೆಂದ. ಹಾಗೆನ್ನುತ್ತ ಮಾತ್ರೆ ಹಾಕಿಕೊಡುತ್ತಿದ್ದ ಲಕೋಟೆ ಅದೇ ಪತ್ರಿಕೆಯ ಹಾಳೆಯದು. ರೈಲ್ವೆಯಲ್ಲಿದ್ದ ರಾಯರು ಬೇರೆ ಯಾವುದೋ ಹೋಟೆಲು ಎಂದುಕೊಂಡಿದ್ದರಂತೆ. ಯಾವುದು ಎಂದು ಕೇಳಿದರೆ ಕಾಫಿ ಆರುತ್ತದೆ ಎಂದರು.

ಎಲ್ಲರೂ ಒಳ್ಳೆಯವರು, ಅಣ್ಣಯ್ಯ. ಎಲ್ಲರೂ ನನ್ನ ಮುಖ ನೋಡಿ ಸುಳ್ಳು ಹೇಳಿದರು. ಇದನ್ನೇ ಅವರೆಲ್ಲ ಫೆಬ್ರವರಿಯಲ್ಲಿ ನಮ್ಮವರಿಗೆ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಈಗ ನನಗೆ ಬೇಕಾದದ್ದು ಬೇರೆ, ಯಾರೂ ಕೊಡುವುದಿಲ್ಲ.

ಕಡೆಗೆ ಕಳೆದ ಗುರುವಾರ ಜಯಲಕ್ಷ್ಮೀ ಮೇಡಂ ಬಂದರು. ಜೀವವಿಮೆಯ ಆಫೀಸಿನಲ್ಲಿ ಇದ್ದು ನಿವೃತ್ತರಾದವರು, ಮೈಸೂರು ಕಡೆಯವರು, ಇಬ್ಬರು ಕೂರುವ ಮೇಜಿನಲ್ಲಿ ಒಬ್ಬರೇ ಕೂರುವವರು. ಕೇಳಿದೆ.

'ಸುಳ್ಳ್ಯಾಕೆ ಹೇಳ್ಲಿ ಸುಗುಣಾ? ಓದಿದ ತಕ್ಷಣ ನಿಮ್ಮದೇ ಅಂತ ತಿಳೀತು. ಆ ಬೋರ್ಡು ಇನ್ಯಾರಿಗಿದೆ? ಎರಡು ತಿಂಗಳು ಈ ಕಡೆ ಕಾಲೇ ಹಾಕ್ಲಿಲ್ಲ.'

'ಓದಿ ಏನಂತ ಅಂದ್ಕೊಂಡ್ರಿ?'

'ಇನ್ನೇನ್ರೀ? ನಿನ್ನೇದನ್ನ ಕಾಯಿಸಿ ನಮ್ಮ ಇಡ್ಲಿ ಮೇಲೆ ಸುರೀತೀರ ಅಂತ. ನಿಮ್ಮೆಜಮಾನ್ರ ಮೇಲೆ ಭಾರಿ ಕೋಪ ಬಂತು. ವರ್ಷಗಟ್ಟಲೆ ನಂಬಿ ತಿಂದಿದ್ದೀನಲ್ಲ!'

'ಮತ್ತೆ ಬಂದದ್ದು?'

'ಪಕ್ಕದ ಬೀದೀಲಿ ತಿಂದೆ. ಅವ್ರದ್ದು ಅವತ್ತಿಂದೇ ಸಾಂಬಾರು, ಅದಕ್ಕಿಂತ ನಿಮ್ಮ ನಿನ್ನೇದೇ ವಾಸಿ ಅಂತ ವಾಪಸ್ ಬಂದೆ.'

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಅವರು ಗಾಬರಿಯಾಗಿ, 'ಬೇಜಾರಾಯ್ತಾ?' ಎಂದರು. 'ಇಲ್ಲ ಮೇಡಂ, ಇದನ್ನ ಕೋರ್ಟಲ್ಲಿ ಹೇಳ್ತೀರಾ?' ಎಂದೆ. 'ಓಹೋ, ಅದಕ್ಕೇನು, ಮನೇಲಿ ಕೂತು ಕೂತು ಸಾಕಾಗಿದೆ' ಎಂದರು. ಅವತ್ತು ಅವರಿಗೆ ಜಾಮೂನು ನಾನೇ ತಂದು ಇಟ್ಟೆ.

ನಿಜ, ಸುಳ್ಳಿನ ಪ್ರಶ್ನೆಗೆ ಇನ್ನೊಮ್ಮೆ ಬರೆಯುತ್ತೇನೆ. ಗಿರಾಕಿಗಳ ಹೊತ್ತಾಯಿತು.

ಸುಗುಣಾ


ಕುಂದಾಪುರ
೧೦ ಡಿಸೆಂಬರ್ ೨೦೨೪

ತಂಗಿ ಸುಗುಣಾಳಿಗೆ,

ನಿನ್ನ ಜಯಲಕ್ಷ್ಮೀ ಮೇಡಂ ಅವರಂಥ ಸಾಕ್ಷಿ ನನ್ನ ವೃತ್ತಿಯಲ್ಲಿ ನನಗೊಬ್ಬರೂ ಸಿಗಲಿಲ್ಲ. ಗುರುತು ಸಿಕ್ಕಿತು, ಓದಿದವರು ಸಿಕ್ಕಿದರು, ಹೊಳೆದ ಅರ್ಥವೂ ಸಿಕ್ಕಿತು. ಚೆನ್ನೈಯಲ್ಲಿ ಶಾಲಿನಿ ಎಂಬ ವಕೀಲೆ ಇದ್ದಾಳೆ, ನನ್ನ ಗೆಳೆಯನ ಮಗಳು. ಅವಳಿಗೆ ಬರೆದಿದ್ದೇನೆ. ವಾದಪತ್ರದ ಪ್ಯಾರಾಗಳನ್ನು ನಾನು ಕಳಿಸಿದರೆ ತಿದ್ದಿ ಇಂಗ್ಲಿಷಿಗೆ ತಂದು ಹಾಕುತ್ತಾಳೆ.

ಆದರೆ ನನ್ನ ಪ್ರಶ್ನೆಗೆ ನೀನು ಉತ್ತರಿಸಲಿಲ್ಲ. ಸಾಕ್ಷಿ ಸಿಕ್ಕ ಹುರುಪಿನಲ್ಲಿ ಬಿಟ್ಟುಹೋಯಿತೆಂದು ತಿಳಿಯುತ್ತೇನೆ. ಅದು ಬಾರದೆ ಮುಂದಿನ ಪ್ಯಾರಾ ಬರೆಯಲಾಗುವುದಿಲ್ಲ.

ಶಂಕರನಾರಾಯಣ


ಪುರಸೈವಾಕ್ಕಂ
೧೯ ಡಿಸೆಂಬರ್ ೨೦೨೪

ಅಣ್ಣಯ್ಯನವರಿಗೆ,

ಬಿಟ್ಟುಹೋಗಲಿಲ್ಲ. ಬರೆಯಲು ಕೈ ಬರಲಿಲ್ಲ.

ಆ ಮೊದಲ ವಾಕ್ಯ ನಿಜ. ಹತ್ತು ಗಂಟೆಗೆ ನಿನ್ನೆಯ ಹುಳಿ ನಮ್ಮ ಅಡುಗೆಮನೆಯಲ್ಲಿ ಕುದಿಯುತ್ತಿತ್ತು. ಅವತ್ತು ಮಾತ್ರ ಅಲ್ಲ, ದಿನವೂ ಕುದಿಯುತ್ತದೆ. ಇವತ್ತೂ ಕುದಿಯಿತು. ಹಿಂದಿನ ಚಿಕ್ಕ ಒಲೆಯಲ್ಲಿ, ಕರಿ ಬೋಗುಣಿಯಲ್ಲಿ. ಬೆಳಗಿನ ತಿಂಡಿಯ ಗಲಾಟೆ ಮುಗಿದ ಮೇಲೆ ನಾವು ಮತ್ತು ಕೆಲಸದವರು ಕುಚ್ಚಲಕ್ಕಿ ಗಂಜಿ ಉಣ್ಣುತ್ತೇವಲ್ಲ, ಅದಕ್ಕೆ. ಊರಲ್ಲಿ ನಿಮ್ಮ ಮನೆಯಲ್ಲೂ ಹಾಗೇ ಅಲ್ಲವೇ? ನಿನ್ನೆಯ ಹುಳಿಯನ್ನು ಬತ್ತಿಸಿ ಗಟ್ಟಿ ಮಾಡಿ, ಮೇಲೆ ಒಂದು ಹನಿ ತೆಂಗಿನೆಣ್ಣೆ. ಹೊಸ ಹುಳಿಗೆ ಆ ರುಚಿ ಎಲ್ಲಿ? ಗಿರಾಕಿಗಳಿಗೆ ಅದರಲ್ಲಿ ಒಂದು ಸೌಟೂ ಹೋಗುವುದಿಲ್ಲ. ಇದು ದೇವರಾಣೆ.

ವರದಿಗಾರನಿಗೆ ಹೇಗೆ ತಿಳಿಯಿತೆಂದು ಕೇಳಿದಿರಿ. ನಮ್ಮ ಅಡುಗೆಯ ಸಂಜೀವನನ್ನು ಕೇಳಿದೆ. ಬೈಂದೂರು ಕಡೆಯವನು, ಇಪ್ಪತ್ತು ವರ್ಷದಿಂದ ನಮ್ಮಲ್ಲೇ ಇದ್ದಾನೆ. ಅವತ್ತು ಯಾರೋ ಕೈ ತೊಳೆಯಲು ಹಿಂದಕ್ಕೆ ಬಂದವರು ಪರಿಮಳಕ್ಕೆ ನಿಂತು, ಇದೇನು ಎಂದು ಕೇಳಿದರಂತೆ. ಇವನು ಖುಷಿಯಲ್ಲಿ, 'ಇದು ನಿನ್ನೇದು ಸಾರ್, ಇವತ್ತಿಂದಕ್ಕಿಂತ ಬಾಳ ರುಚಿ, ತಕಣಿ' ಎಂದು ತಮಿಳಿನಲ್ಲಿ ಹೇಳಿ, ಒಂದು ಸೌಟು ಲೋಟಕ್ಕೆ ಹಾಕಿ ಕೊಟ್ಟನಂತೆ. ಅವರು ಕುಡಿದು ಚೆನ್ನಾಗಿದೆ ಎಂದೂ ಹೇಳಿದರಂತೆ! ನಮ್ಮೂರಿನವನಲ್ಲದೆ ಇನ್ನಾರು ಹೀಗೆ ನಿನ್ನೆಯದನ್ನು ಹೆಮ್ಮೆಯಿಂದ ಬಡಿಸುತ್ತಾರೆ?

ಇಷ್ಟೇ ಆಗಿದ್ದರೆ ನಾನು ಇಷ್ಟು ತಡ ಮಾಡುತ್ತಿರಲಿಲ್ಲ. ಮರುದಿನದ ಪತ್ರಿಕೆಯಲ್ಲೂ ಒಂದು ತುಣುಕು ಇದೆ. ಪ್ರಣಮ್ಯಾ ಅದರ ಫೋಟೊವನ್ನೂ ತಂದಿದ್ದಳು, ಓದಿ ಹೇಳಿರಲಿಲ್ಲ. ಅದು ಹೀಗಿದೆ: '"ನಿನ್ನೆಯ ಸಾಂಬಾರು ನಮ್ಮ ಅಡುಗೆಮನೆಯಲ್ಲಿ ಇರುವುದೇ ಇಲ್ಲ" ಎಂದು ಹೋಟೆಲಿನ ಮಾಲೀಕರು ಫೋನಿನಲ್ಲಿ ಹೇಳಿದರು. ಹಾಗಾದರೆ ನಮ್ಮ ವರದಿಗಾರ ರುಚಿ ನೋಡಿದ್ದು ಏನನ್ನು?'

ಅವರು ಅಡುಗೆಮನೆ ಸೇರಿದ್ದು ಈ ಎರಡನೆಯದಕ್ಕೆ ಎಂದು ನನಗೀಗ ತೋರುತ್ತದೆ. ಯಾರೋ ಹಳಸಿದ್ದೆಂದು ಬೈದದ್ದಕ್ಕಲ್ಲ, ಸುಳ್ಳುಗಾರ ಎಂದದ್ದಕ್ಕೆ.

ಈಗ ನಾನು ಏನು ಬರೆಯಲಿ? ಹುಳಿ ಇತ್ತು ಎಂದರೆ ನಮ್ಮವರು ಸುಳ್ಳು ಹೇಳಿದರೆಂದು ನಾನೇ ಕೋರ್ಟಿಗೆ ಬರೆದುಕೊಟ್ಟ ಹಾಗೆ. ಇರಲಿಲ್ಲ ಎಂದರೆ ನಾನು ಸುಳ್ಳು ಹೇಳಿದ ಹಾಗೆ. ಅವರ ಹೆಸರು ಉಳಿಸಲು ಹೊರಟವಳು ನಾನು.

ಸುಗುಣಾ


ಪುರಸೈವಾಕ್ಕಂ
೯ ಜನವರಿ ೨೦೨೫

ಅಣ್ಣಯ್ಯನವರಿಗೆ,

ಮೂರು ವಾರವಾಯಿತು, ನಿಮ್ಮಿಂದ ಕಾಗದವಿಲ್ಲ. ನನಗೆ ಅರ್ಥವಾಯಿತು. ನಿಮಗೆ ಆ ವಿಷಯ ಬರೆಯಬಾರದಿತ್ತು. ಈ ಕೇಸು ಬೇಡ, ಬಿಟ್ಟುಬಿಡಿ. ಶಾಲಿನಿಯವರಿಗೂ ಹೇಳಿಬಿಡಿ. ನಿಮಗೆ ಕೊಟ್ಟ ತೊಂದರೆಗೆ ಕ್ಷಮಿಸಿ.

ಸುಗುಣಾ


ಕುಂದಾಪುರ
೧೬ ಜನವರಿ ೨೦೨೫

ತಂಗಿ ಸುಗುಣಾ,

ನಿನಗೆ ಏನೂ ಅರ್ಥವಾಗಲಿಲ್ಲ. ನಿನ್ನ ಡಿಸೆಂಬರ್ ಹತ್ತೊಂಬತ್ತರ ಕಾಗದ ನನ್ನ ಕೈಯಲ್ಲೇ ಇರಲಿಲ್ಲ. ಚಂದ್ರಮತಿಯ ಹತ್ತಿರ ಇತ್ತು.

ನಾನು ನಿನಗೆ ಹೇಳದೆ ಇದ್ದದ್ದು ಇದು. ಮೊದಲ ದಿನದಿಂದಲೂ ಅವಳಿಗೆ ಈ ದಾವೆ ಇಷ್ಟವಿರಲಿಲ್ಲ. ತಮ್ಮನ ಹೆಸರನ್ನು ಕೋರ್ಟಿನಲ್ಲಿ ಕೂಗಿಸುವುದು ಬೇಡ ಎನ್ನುತ್ತಿದ್ದಳು. ಅಂಚೆಯವನು ನಿನ್ನ ಕಾಗದ ಕೊಟ್ಟದ್ದು ಅವಳ ಕೈಗೆ. ಓದಿದಳು, ನನಗೆ ಕೊಡಲಿಲ್ಲ. ಬಂದಿಲ್ಲವೆಂದೇ ನಾನು ಕಾಯುತ್ತಿದ್ದೆ. ಮೊನ್ನೆ ನಿನ್ನ ಎರಡನೆಯ ಕಾಗದ ನೋಡಿ, 'ಬಿಟ್ಟುಬಿಡ್ತಾಳಂತೆ' ಎಂದೆ. ಒಳಗಿನಿಂದ ಮೊದಲನೆಯದನ್ನು ತಂದು ಮುಂದೆ ಇಟ್ಟಳು.

ಜೋರಾಗಿ ಹೇಳಿದಳು, ನನಗೆ ಹಾಗೆಯೇ ಹೇಳಬೇಕಲ್ಲ, ಪಕ್ಕದ ಮನೆಗೂ ಕೇಳಿರಬೇಕು: 'ವಿಷ್ಣು ಸುಳ್ಳು ಹೇಳುವವನೇ ಹೌದು, ಹೆದರಿದಾಗ. ಏಳು ವರ್ಷದವ ಇದ್ದಾಗ ಆಚೆಮನೆಯ ಕರು ಬಿಚ್ಚಿಬಿಟ್ಟು, ನಾನಲ್ಲ ಅಂದ. ಹಗ್ಗ ಕೈಯಲ್ಲೇ ಇತ್ತು. ಅವಳಿಗೆ ಅದನ್ನು ಬರಿರಿ. ಅವಳೊಬ್ಬಳೇ ಯೋಚನೆ ಮಾಡ್ತಾ ಕೂತುಕೊಳ್ಳುದು ಬೇಡ.' ನಾನು ಬರೆದಿದ್ದೇನೆ. ಆಮೇಲೆ ಅವಳು ಅಡುಗೆಮನೆಗೆ ಹೋದವಳು ತುಂಬಾ ಹೊತ್ತು ಬರಲಿಲ್ಲ.

ಇನ್ನು ಕಾನೂನು. ಮೊದಲ ವಾಕ್ಯ ನಿಜವಾದರೆ ನಿಜವೆಂದೇ ಬರೆ. ನಮ್ಮ ದೂರು ಆ ವಾಕ್ಯದ ಮೇಲಲ್ಲ, ಬೋರ್ಡನ್ನೂ ಎಚ್ಚರಿಕೆಯನ್ನೂ ಅದರ ಪಕ್ಕ ಇಟ್ಟು, ಅದನ್ನು ಗಿರಾಕಿಗಳಿಗೆ ಬಡಿಸುತ್ತೀರೆಂಬ ಅರ್ಥ ಹುಟ್ಟಿಸಿದ್ದರ ಮೇಲೆ. ಆ ಅರ್ಥ ಸುಳ್ಳು. ಅದು ಸಾಕು. ಎರಡನೆಯ ದಿನದ ತುಣುಕನ್ನು ನಾವು ಎತ್ತಲೇಬೇಕೆಂದಿಲ್ಲ. ಎದುರು ಪಕ್ಷದವರು ತಂದರೆ ಆಗ ನೋಡಿಕೊಳ್ಳೋಣ. ಬಿಟ್ಟುಬಿಡು ಎಂಬುದು ನನ್ನ ಸಲಹೆ. ವಿಷ್ಣು ಸುಮ್ಮನೆ ಇರಲಿ.

ಕೊನೆಯಲ್ಲಿ ಸತ್ಯಾಪನೆ ಎಂಬುದೊಂದು ಇರುತ್ತದೆ. ವಾದಪತ್ರದ ಅಡಿಯಲ್ಲಿ ನೀನು ಸಹಿ ಹಾಕುವ ಮಾತು. ಅದರಲ್ಲಿ ಎರಡು ಭಾಗ. ಇಂತಿಂಥ ಪ್ಯಾರಾಗಳು ನನಗೆ ಸ್ವತಃ ತಿಳಿದವು. ಇಂತಿಂಥವು ಇನ್ನೊಬ್ಬರಿಂದ ಕೇಳಿ ನಿಜವೆಂದು ನಂಬಿದವು. ಯಾವುದು ಯಾವುದರಲ್ಲಿ ಎಂದು ನೀನೇ ಹೇಳಬೇಕು. ನಾನೂ ಹೇಳಲಾರೆ, ಶಾಲಿನಿಯೂ ಹೇಳಲಾರಳು.

ಶಂಕರನಾರಾಯಣ


ಪುರಸೈವಾಕ್ಕಂ
೨೭ ಜನವರಿ ೨೦೨೫

ಅಣ್ಣಯ್ಯನವರಿಗೆ ನಮಸ್ಕಾರ.

ಅತ್ತಿಗೆ ಫೋನ್ ಮಾಡಿದ್ದರು. ಕೇಸಿನ ಮಾತು ಬರಲೇ ಇಲ್ಲ. ಕರುವಿನ ಬಣ್ಣ ಯಾವುದು ಎಂದು ಕೇಳಿದೆ. ಕಂದು ಎಂದರು. ಅದು ಗದ್ದೆಗೆ ಬಿದ್ದು ಮೇದದ್ದು, ಮಾವ ಅಟ್ಟಿಸಿಕೊಂಡು ಹೋದದ್ದು, ಎಲ್ಲ ಹೇಳಿದರು.

ಬಿಟ್ಟುಬಿಡು ಎಂದು ನೀವು ಬರೆದದ್ದನ್ನು ಯೋಚಿಸಿದೆ. ಆದರೆ ಮೊದಲ ದಿನದ ಸುದ್ದಿಯಿಂದ ನನ್ನ ಹೆಸರು ಸರಿಯಾಗುತ್ತದೆ, ಎರಡನೆಯ ದಿನದ್ದು ಹಾಗೇ ಉಳಿಯುತ್ತದೆ. ಅದರಲ್ಲಿ ಇರುವುದು ಅವರೊಬ್ಬರೇ.

ಪತ್ರಿಕೆಯವರ ಆ ಫೋನ್ ಬಂದಾಗ ನಾನು ಹೋಟೆಲಿನಲ್ಲಿ ಇರಲಿಲ್ಲ. ಸಂಜೀವ ಇದ್ದ. ಇಷ್ಟು ದಿನ ಯಾಕೆ ಕೇಳಲಿಲ್ಲವೋ ಗೊತ್ತಿಲ್ಲ. ನಿನ್ನೆ ಕೇಳಿದೆ.

'ನಾ ಅಲ್ಲೇ ಹಿಟ್ಟ್ ಕಲಸ್ತಾ ಇದ್ದಿದ್ದೆ ಅಕ್ಕಾ. ಫೋನ್ ಸ್ಪೀಕರಂಗೆ ಇತ್ತ್. ಅವ್ರ್ ಕೇಳದ್ದ್, ನೇತ್ತು ಸಾಂಬಾರ್ ವಿಕ್ಕಿರೀಂಗಳಾ, ಅಂತ. ಅಣ್ಣ, ಇಲ್ಲೀಂಗ, ವಿಕ್ಕಿರದೇ ಇಲ್ಲೀಂಗ, ಅಂದ್ರ್. ಮತ್ತೆಂತ ಹೇಳ್ಲಿಲ್ಲೆ. ಫೋನ್ ಇಟ್ರ್.'

ಎಂದರೆ, ಅವರು ಕೇಳಿದ್ದು ಮಾರುತ್ತೀರಾ ಎಂದು, ಇವರು ಹೇಳಿದ್ದು ಮಾರುವುದಿಲ್ಲ ಎಂದು. ಇರುವುದೇ ಇಲ್ಲ ಎಂಬುದು ಪತ್ರಿಕೆಯವರು ಸೇರಿಸಿದ್ದು.

ಕೇಳಿ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹೂವಿನವಳೂ ಹೀಗೇ ನನ್ನ ಕಣ್ಣು ನೋಡಿ ಹೇಳಿದ್ದಳು. ಸಂಜೀವನೂ ಒಳ್ಳೆಯವನು. ಅಷ್ಟೇ ಅಲ್ಲ, ಲೋಟದಲ್ಲಿ ಹುಳಿ ಕೊಟ್ಟವನು ಅವನೇ. ಜೂನ್‌ನಿಂದ ನನ್ನೆದುರು ತಲೆ ಎತ್ತಿ ನಿಂತವನಲ್ಲ. ನನ್ನನ್ನು ಸಮಾಧಾನ ಮಾಡಲು ಏನನ್ನಾದರೂ ಹೇಳಿಯಾನು. ಒಂದು ಕಡೆ ಇವನ ಮಾತು, ಇನ್ನೊಂದು ಕಡೆ ಅತ್ತಿಗೆ ಹೇಳಿದ ಕರು. ನೀವಾದರೆ ಯಾವುದನ್ನು ನಂಬುತ್ತೀರಿ?

ಸುಗುಣಾ


ಕುಂದಾಪುರ
೩ ಫೆಬ್ರವರಿ ೨೦೨೫

ತಂಗಿ ಸುಗುಣಾ,

ನಾನು ನಂಬುವುದು ಮುಖ್ಯವಲ್ಲ, ನಾನು ಸಹಿ ಹಾಕುವವನಲ್ಲ. ವಕೀಲನಾಗಿ ಹೇಳಬೇಕಾದದ್ದನ್ನು ಹೇಳುತ್ತೇನೆ. ಸಂಜೀವ ನಿನ್ನ ಸಂಬಳದವನು, ತಪ್ಪೂ ಅವನಿಂದ ಆದದ್ದು. ಎದುರು ವಕೀಲ ಅವನನ್ನು ಕಟಕಟೆಯಲ್ಲಿ ಅಕ್ಕಿ ಆರಿಸಿದ ಹಾಗೆ ಆರಿಸುತ್ತಾನೆ. ಪತ್ರಿಕೆಯವರು ಆ ಫೋನನ್ನು ಧ್ವನಿಮುದ್ರಣ ಮಾಡಿಕೊಂಡಿರಲೂಬಹುದು. ಅದರಲ್ಲಿ ಬೇರೆ ಮಾತಿದ್ದರೆ ಇಡೀ ದಾವೆ ಮುಗ್ಗರಿಸುತ್ತದೆ. ಎರಡನೆಯ ತುಣುಕನ್ನು ಸೇರಿಸದಿದ್ದರೆ ಈ ಅಪಾಯ ಕಡಿಮೆ.

ಸೇರಿಸುವುದಾದರೆ ಆ ತುಣುಕೂ, ವಿಷ್ಣು ಹೇಳಿದ್ದು 'ಮಾರುವುದಿಲ್ಲ' ಎಂದಷ್ಟೆ ಎಂಬುದೂ ಏಳನೆಯ ಪ್ಯಾರಾ ಆಗುತ್ತದೆ. ಎರಡು ಕರಡನ್ನೂ ಶಾಲಿನಿಗೆ ಕಳಿಸಿದ್ದೇನೆ, ಏಳನೆಯದು ಇರುವುದೊಂದು, ಇಲ್ಲದಿರುವುದೊಂದು. ಈ ತಿಂಗಳ ಇಪ್ಪತ್ತೊಂದಕ್ಕೆ ವಾಯಿದೆ ಮುಗಿಯುತ್ತದೆ. ಅಷ್ಟರವರೆಗೆ ಕಾಯಬೇಡ.

ಚಂದ್ರಮತಿ ನೀನು ಊಟ ಮಾಡುತ್ತೀಯೋ ಇಲ್ಲವೋ ಎಂದು ಕೇಳುತ್ತಾಳೆ. ಅದಕ್ಕೂ ಉತ್ತರ ಬರೆ.

ಶಂಕರನಾರಾಯಣ


ಪುರಸೈವಾಕ್ಕಂ
೧೦ ಫೆಬ್ರವರಿ ೨೦೨೫

ಅಣ್ಣಯ್ಯನವರಿಗೂ ಅತ್ತಿಗೆಯವರಿಗೂ ನಮಸ್ಕಾರ.

ಊಟ ಮಾಡುತ್ತಿದ್ದೇನೆ.

ನಿಮ್ಮ ಕಾಗದ ಬಂದ ದಿನ ಗಂಜಿ ಉಂಡ ಮೇಲೆ ಉಳಿದವರೆಲ್ಲ ಎದ್ದು ಹೋದರು. ಸಂಜೀವ ತನ್ನ ಬಟ್ಟಲು ತೊಳೆಯಲು ಹೊರಟವನನ್ನು ನಿಲ್ಲಿಸಿದೆ. ಫೋನಿನಲ್ಲಿ ಏನಾಯಿತೆಂದು ಮತ್ತೆ ಕೇಳಲಿಲ್ಲ. ಕೇಳಿದರೆ ಅದನ್ನೇ ಹೇಳುತ್ತಾನೆ. ಬೇರೆ ಕೇಳಿದೆ.

'ಸಂಜೀವ, ಅಣ್ಣ ಅವತ್ತು ಸುಳ್ಳೇ ಹೇಳಿದ್ರೆ, ನಾನು ಕೇಳಿದಾಗ ನೀ ನಂಗೆ ನಿಜ ಹೇಳ್ತಿದ್ಯಾ?'

ಬಟ್ಟಲಿನ ನೀರು ಅವನ ಕಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು, ನೋಡಲಿಲ್ಲ.

'ಇಲ್ಲೆ ಅಕ್ಕಾ,' ಎಂದ. 'ಹೇಳ್ತಿರ್ಲಿಲ್ಲೆ.'

'ಏನಂತಿದ್ದಿ ಮತ್ತೆ?'

'ನಾ ಅಲ್ಲಿ ಇರ್ಲೇ ಇಲ್ಲೆ ಅಂತಿದ್ದೆ.'

ಅಣ್ಣಯ್ಯ, ಈ ಒಂದು ವರ್ಷದಲ್ಲಿ ಜಯಲಕ್ಷ್ಮೀ ಮೇಡಂ ಬಿಟ್ಟರೆ ನನ್ನ ಮುಖ ನೋಡಿ ನನಗೆ ಬೇಡವಾದದ್ದನ್ನು ಹೇಳಿದವನು ಇವನೊಬ್ಬ. ನನಗಾಗಿ ಸುಳ್ಳು ಹೇಳುತ್ತಿದ್ದೆ ಎಂದು ನನಗೇ ಹೇಳಿದ. ಆದರೆ ಮೊದಲು ಕೇಳಿದಾಗ ಅವನು ಅಲ್ಲಿ ಇರಲಿಲ್ಲ ಎನ್ನಲಿಲ್ಲ. ಇದ್ದೆ ಎಂದಿದ್ದಾನೆ. ಎದುರು ವಕೀಲರು ಇದನ್ನು ಸಾಕ್ಷಿ ಎನ್ನುವುದಿಲ್ಲ, ಅದು ನನಗೆ ಗೊತ್ತು. ಕರು ಬಿಚ್ಚಿದ್ದೂ ನಿಜವೇ. ಅದು ಏಳು ವರ್ಷದ ಹುಡುಗ, ಇದು ಅರವತ್ತೊಂದರ ಮನುಷ್ಯ. ಇದರಲ್ಲಿ ಯಾವುದು ಎಂದು ತಿಳಿದುಕೊಳ್ಳುವ ದಾರಿ ನನಗೆ ಇಲ್ಲ. ಫೋನು ಬಂದಾಗ ನಾನು ಪುರಸೈವಾಕ್ಕಂ ಬೀದಿಯಲ್ಲಿ ಪ್ರಣಮ್ಯಾಳಿಗೆ ಬೆಡ್‌ಶೀಟು ಆರಿಸುತ್ತಿದ್ದೆ.

ಧ್ವನಿಮುದ್ರಣ ಇದ್ದರೆ ಕೋರ್ಟಿನಲ್ಲಿ ಹಾಕಲಿ. ಅವರ ಧ್ವನಿ ಕೇಳಿ ಬಹಳ ದಿನವಾಯಿತು.

ಇವತ್ತು ಶಾಲಿನಿಯವರ ಆಫೀಸಿಗೆ ಹೋಗಿದ್ದೆ. ಎರಡು ಕರಡನ್ನೂ ಮುಂದೆ ಇಟ್ಟು, 'ಯಾವುದು ಆಂಟೀ?' ಎಂದರು. ಏಳನೆಯ ಪ್ಯಾರಾ ಇರುವುದನ್ನು ತೆಗೆದುಕೊಂಡೆ. ಅವರು ಕನ್ನಡದಲ್ಲಿ ನಿಧಾನವಾಗಿ ಓದಿ ಹೇಳುತ್ತ ಹೋದರು, ನಾನು ಯಾವುದು ಯಾವುದರಲ್ಲಿ ಎಂದು ಹೇಳುತ್ತ ಹೋದೆ. ಹೋಟೆಲಿನ ಲೈಸೆನ್ಸು, ಬೋರ್ಡು, ಹಿಂದಿನ ಒಲೆ, ನಿನ್ನೆಯ ಹುಳಿ, ಅದನ್ನು ಉಣ್ಣುವವರು ನಾವೇ ಎಂಬುದು, ಇವೆಲ್ಲ ನನಗೆ ಸ್ವತಃ ಗೊತ್ತು. ಜಯಲಕ್ಷ್ಮೀ ಮೇಡಂ ಓದಿದ್ದು, ಅಂದುಕೊಂಡದ್ದು, ಕೇಳಿ ನಂಬಿದ್ದರಲ್ಲಿ. ಏಳನೆಯದು ಬಂದಾಗ ಶಾಲಿನಿಯವರು ಪೆನ್ನು ಹಿಡಿದು ನಿಂತರು. 'ಇದನ್ನ ಗೊತ್ತು ಅನ್ನೋ ಹಾಗಿಲ್ಲ ಆಂಟೀ. ನಂಬ್ತೀರಾ?' ಎಂದರು.

ನಾನು ಹೌದು ಎಂದೆ. ಗೊತ್ತಿಲ್ಲದೆ ಹೌದು ಎನ್ನಲು ಕಾನೂನಿನಲ್ಲಿ ಒಂದು ಸಾಲು ಇರುತ್ತದೆಂದು ನಾನು ಎಣಿಸಿರಲಿಲ್ಲ.

ನಾಳೆ ಇಲ್ಲಿ ತೈಪೂಸ ಹಬ್ಬ, ಕೋರ್ಟಿಗೆ ರಜೆ. ನಾಡಿದ್ದು ಬೆಳಿಗ್ಗೆ ಹಾಕುತ್ತಾರೆ. ಅವರು ಬರೆದದ್ದನ್ನು ನಿಮಗಾಗಿ ಕನ್ನಡದಲ್ಲಿ ಬರೆಸಿಕೊಂಡು ಬಂದೆ, ಕೆಳಗೆ ಹಾಗೆಯೇ ಇಳಿಸಿದ್ದೇನೆ.

'ದಿವಂಗತ ವಿಷ್ಣುಮೂರ್ತಿಯವರ ಹೆಂಡತಿ ಸುಗುಣಾ ಆದ ನಾನು ದೃಢೀಕರಿಸುವುದೇನೆಂದರೆ, ಮೇಲಿನ ಒಂದರಿಂದ ಐದನೆಯ ಪ್ಯಾರಾಗಳಲ್ಲಿ ಹೇಳಿದ್ದು ನನಗೆ ಸ್ವತಃ ತಿಳಿದದ್ದು. ಆರನೆಯ ಪ್ಯಾರಾದಲ್ಲಿ ಹೇಳಿದ್ದನ್ನೂ, ಏಳನೆಯ ಪ್ಯಾರಾದಲ್ಲಿ ನನ್ನ ಗಂಡ ಫೋನಿನಲ್ಲಿ ಏನೆಂದರು ಎಂದು ಹೇಳಿದ್ದನ್ನೂ ಇತರರಿಂದ ಕೇಳಿದ್ದೇನೆ, ಮತ್ತು ಅದು ನಿಜವೆಂದು ನಂಬುತ್ತೇನೆ.'

ಸಹಿ ಮಾಡಿದ್ದೇನೆ.

ಸುಗುಣಾ